ಚಿಕ್ಕಮಗಳೂರಿನ ಗುಡ್ಡಗಳು ಜ್ವಾಲಾಮುಖಿಯೇ? ಅಲ್ಲಿನ ಮಣ್ಣು ರಸ್ತೆಗಳು ಸೈಕಲ್ಲಿಗೆ ಖಾಲಿ ಬಿದ್ದಿವೆಯೇ?

ಮಳೆಗಾಲ ಮುಗಿದು ಬೆಳಗಿನ ಮಂಜು ಶುರುವಾದರೆ ಸಾಕು, ಮಲೆನಾಡಿನ ಫೋಟೊಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡಲು ತೊಡಗುತ್ತವೆ. ಇತ್ತೀಚೆಗೆ ಅವುಗಳ ಜೊತೆ ಸೈಕಲ್ಲೂ ಸೇರಿಕೊಂಡಿದೆ. ಕೆಂಪು ಮಣ್ಣಿನ ದಾರಿ, ಎರಡೂ ಕಡೆ ಕಾಫಿ ಗಿಡ, ಹಿಂದೆ ನೀಲಿ ಗುಡ್ಡ, ನಡುವೆ ಒಬ್ಬ ಸೈಕಲ್ ಸವಾರ. ಕೆಳಗೆ ಬರೆದಿರುವ ಮಾತುಗಳು ಹೆಚ್ಚುಕಡಿಮೆ ಒಂದೇ ರೀತಿಯವು: ಇದು ಹಳೆಯ ಜ್ವಾಲಾಮುಖಿ ಪ್ರದೇಶ, ಲಾವಾ ಮಣ್ಣಿನಿಂದಲೇ ಇಲ್ಲಿನ ಕಾಫಿಗೆ ಆ ರುಚಿ, ಇಲ್ಲಿ ಗಾಡಿಗಳೇ ಬಾರದ ಗ್ರಾವೆಲ್ ಬೈಕ್ ಮಾರ್ಗಗಳಿವೆ, ಯಾರ ಅನುಮತಿಯೂ ಬೇಡ.

ಈ ನಾಲ್ಕು ಮಾತುಗಳಲ್ಲಿ ಎಷ್ಟು ನಿಜ? ಒಂದೊಂದಾಗಿ ನೋಡೋಣ. ಮೊದಲ ಎರಡು ತಪ್ಪಾದರೆ ಯಾರಿಗೂ ದೊಡ್ಡ ನಷ್ಟವಿಲ್ಲ. ಕೊನೆಯ ಎರಡನ್ನು ನಂಬಿ ಹೊರಟರೆ ಮಾತ್ರ ಜೀವಕ್ಕೇ ತೊಂದರೆಯಾಗಬಹುದು. ಅದಕ್ಕಾಗಿಯೇ ಈ ಬರಹ.

ಮೊದಲು ಚುಟುಕು ಉತ್ತರ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಗುಡ್ಡಗಳು ಜ್ವಾಲಾಮುಖಿಗಳಲ್ಲ. ಬಾಬಾಬುಡನ್‌ಗಿರಿ ಸಾಲಿನ ಕಲ್ಲುಗಳಲ್ಲಿ ಅತಿ ಪ್ರಾಚೀನ ಲಾವಾ ಇರುವುದು ನಿಜ. ಇಲ್ಲಿ ವಾಹನ ಕಡಿಮೆ ಇರುವ ರಸ್ತೆಗಳು ಬೇಕಾದಷ್ಟಿವೆ. ಆದರೆ ವಾಹನ ಬಾರದ ಮಣ್ಣು ರಸ್ತೆಗಳಲ್ಲಿ ಬಹುಪಾಲು ಒಂದೋ ಯಾರದೋ ತೋಟದ್ದು, ಇಲ್ಲವೇ ಅರಣ್ಯ ಇಲಾಖೆಯದ್ದು. ಎರಡಕ್ಕೂ ಅನುಮತಿ ಬೇಕು. ಎರಡರಲ್ಲೂ ಆನೆ ಇರಬಹುದು.

ಗ್ರಾವೆಲ್ ಬೈಕ್ ಎಂದರೆ ಯಾವ ಬೈಕ್?

ನಮ್ಮಲ್ಲಿ ಬೈಕ್ ಎಂದರೆ ಮೋಟರ್‌ಬೈಕ್. ಹಾಗಾಗಿ ಇಂಥ ಸಂದೇಶ ನೋಡಿ ಮೋಟರ್‌ಬೈಕ್ ಏರಿ ಹೊರಡುವವರೂ ಇದ್ದಾರೆ. ಗ್ರಾವೆಲ್ ಬೈಕ್ ಎನ್ನುವುದು ಸೈಕಲ್ಲು. ರೇಸ್ ಸೈಕಲ್ಲಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್, ಡಿಸ್ಕ್ ಬ್ರೇಕ್, ಸ್ವಲ್ಪ ದಪ್ಪನೆಯ ಟೈರು. ರೇಸ್ ಸೈಕಲ್ಲಿನ ಟೈರು ಸಾಮಾನ್ಯವಾಗಿ 25ರಿಂದ 32 ಮಿಲಿಮೀಟರ್ ಅಗಲವಿದ್ದರೆ, ಇದರದ್ದು 35ರಿಂದ 50 ಮಿಲಿಮೀಟರ್. ಡಾಂಬರು ರಸ್ತೆಯಲ್ಲಿ ಬೇಗ ಓಡುತ್ತದೆ, ಜಲ್ಲಿ ಮತ್ತು ಮಣ್ಣಿನ ರಸ್ತೆಯಲ್ಲೂ ನಡೆಯುತ್ತದೆ. ಗಾಳಿ ಸ್ವಲ್ಪ ಕಡಿಮೆ ಹಾಕಿದರೆ ಟೈರು ಕಲ್ಲಿನ ಮೇಲೆ ಪುಟಿಯದೆ ಹಿಡಿತ ಸಿಗುತ್ತದೆ.

ಯುರೋಪಿನಲ್ಲಿ ಇಂಥ ಸೈಕಲ್ಲುಗಳಿಗೆ ಒಗ್ಗುವ, ನಿಜವಾಗಿಯೂ ಮೋಟಾರು ವಾಹನ ಬಿಡದ ಮಾರ್ಗಗಳಿವೆ. ಸ್ಪೇನ್ ದೇಶದ ಗರೊಚಾ ಎಂಬಲ್ಲಿ ಹಳೆಯ ಜ್ವಾಲಾಮುಖಿಗಳ ನಾಡಿದೆ. ಅಲ್ಲಿ ಒಲೋಟ್‌ನಿಂದ ಜಿರೋನಾಕ್ಕೆ ಓಡುತ್ತಿದ್ದ ಸಣ್ಣ ರೈಲು 1969ರಲ್ಲಿ ನಿಂತಿತು. ಆಮೇಲೆ ಹಳಿ ಇದ್ದ ಜಾಗವನ್ನೇ 50 ಕಿಲೋಮೀಟರ್‌ಗೂ ಉದ್ದದ ಸೈಕಲ್ ದಾರಿ ಮಾಡಿದರು. ಅದಕ್ಕೆ ಗುರುತಿನ ಫಲಕಗಳಿವೆ, ನೋಡಿಕೊಳ್ಳುವವರಿದ್ದಾರೆ. 'ಜ್ವಾಲಾಮುಖಿ ನಾಡಿನಲ್ಲಿ ವಾಹನವಿಲ್ಲದ ಸೈಕಲ್ ದಾರಿ' ಎಂಬ ವರ್ಣನೆ ಅಂಥ ಕಡೆಗೆ ಸರಿಯಾಗಿ ಹೊಂದುತ್ತದೆ. ಅದೇ ವರ್ಣನೆಯನ್ನು ಚಿಕ್ಕಮಗಳೂರಿಗೆ ಅಂಟಿಸಿದಾಗ ಎರಡೂ ಕಡೆ ಜಾರುತ್ತದೆ.

ಗಿರಿಯ ಕಲ್ಲು ಏನು ಹೇಳುತ್ತದೆ?

ಜ್ವಾಲಾಮುಖಿ ಎಂದರೆ ಭೂಮಿಯೊಳಗಿನ ಕರಗಿದ ಕಲ್ಲು ಹೊರಬರುವ ಬಾಯಿ, ಮತ್ತು ಹಾಗೆ ಹೊರಬಂದದ್ದು ಸುತ್ತ ರಾಶಿಬಿದ್ದು ಆದ ಗುಡ್ಡ. ಭಾರತದಲ್ಲಿ ಈಗಲೂ ಜೀವಂತವಾಗಿರುವುದು ಅಂಡಮಾನಿನ ಬ್ಯಾರನ್ ದ್ವೀಪದ ಜ್ವಾಲಾಮುಖಿ ಒಂದೇ.

ಬಾಬಾಬುಡನ್‌ಗಿರಿ ಸಾಲಿನ ಕಥೆ ಬೇರೆ. ಇಲ್ಲಿನ ಕಲ್ಲಿನ ಪದರಗಳ ವಯಸ್ಸು ಸುಮಾರು 270ರಿಂದ 290 ಕೋಟಿ ವರ್ಷ. ಭೂವಿಜ್ಞಾನಿಗಳು ಈ ಪದರಗಳಿಗೆ ಬಾಬಾಬುಡನ್ ಸಮೂಹ ಎಂದೇ ಹೆಸರಿಟ್ಟಿದ್ದಾರೆ. ಅದರ ಒಳಭಾಗಗಳಿಗೆ ಕಲಸಾಪುರ, ಅಲ್ಲಂಪುರ, ಸಂತವೇರಿ, ಮುಳ್ಳಯ್ಯನಗಿರಿ ಎಂದು ಇಲ್ಲಿಯದೇ ಹೆಸರುಗಳು. ನಮ್ಮೂರಿನ ಹೆಸರುಗಳು ಜಗತ್ತಿನ ಭೂವಿಜ್ಞಾನದ ಪ್ರಬಂಧಗಳಲ್ಲಿ ಓಡಾಡುತ್ತವೆ ಎಂಬುದು ಇಲ್ಲಿನ ಬಹಳ ಜನರಿಗೇ ಗೊತ್ತಿಲ್ಲ.

ಈ ಪದರಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಕಲ್ಲುಗಳಿವೆ. ಒಂದು, ನದಿ ಮತ್ತು ಸಮುದ್ರ ತಂದುಹಾಕಿದ ಮರಳು, ಉರುಟು ಕಲ್ಲು ಗಟ್ಟಿಯಾಗಿ ಆದದ್ದು. ಚಿಕ್ಕಮಗಳೂರಿನ ಪಕ್ಕದ ಕರ್ತಿಕೆರೆಯಲ್ಲಿ ಸಿಗುವ ಬೆಣಚುಕಲ್ಲಿನ ಉಂಡೆಗಳ ಪದರ ಇದಕ್ಕೆ ಹೆಸರಾದ ಉದಾಹರಣೆ. ಎರಡು, ಲಾವಾ ಹರಿದು ತಣ್ಣಗಾದ ಕಪ್ಪು-ಹಸಿರು ಕಲ್ಲು. ಮೂರು, ನೀರಿನಡಿ ಪದರಪದರವಾಗಿ ಕೂತ ಕಬ್ಬಿಣದ ಕಲ್ಲು.

ಅಂದರೆ ಫಾರ್ವರ್ಡ್‌ನಲ್ಲಿ ಒಂದು ಎಳೆ ಸತ್ಯವಿದೆ. ಈ ಪ್ರದೇಶದಲ್ಲಿ ಲಾವಾ ಹರಿದಿತ್ತು. ಕೆಲವು ಕಪ್ಪು ಕಲ್ಲುಗಳ ಮೇಲೆ ಕಡಲೆಕಾಳಿನಷ್ಟು ಬಿಳಿ ಚುಕ್ಕೆಗಳು ಕಾಣುತ್ತವೆ. ಲಾವಾ ಆರುವಾಗ ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳಲ್ಲಿ ಆಮೇಲೆ ಖನಿಜ ತುಂಬಿಕೊಂಡ ಗುರುತು ಅದು. ಆದರೆ ಆ ಲಾವಾ ಹರಿದಾಗ ಭೂಮಿಯ ಮೇಲೆ ಮರವಿರಲಿಲ್ಲ, ಹುಲ್ಲಿರಲಿಲ್ಲ, ಪ್ರಾಣಿಯೂ ಇರಲಿಲ್ಲ. ಅದನ್ನು ಉಗುಳಿದ ಬಾಯಿಗಳು ಸವೆದುಹೋಗಿ ಎಷ್ಟೋ ಕೋಟಿ ವರ್ಷಗಳಾದವು. ಇವತ್ತು ನಾವು ನೋಡುವ ಗುಡ್ಡದ ಆಕಾರಕ್ಕೂ ಆ ಬಾಯಿಗಳಿಗೂ ಸಂಬಂಧವಿಲ್ಲ.

ಇನ್ನು ಮೂಡಿಗೆರೆ ಸುತ್ತ ಇರುವುದು ಹೆಚ್ಚಾಗಿ ನೈಸ್ ಎಂಬ, ಬಿಳಿ-ಕಪ್ಪು ಪಟ್ಟೆಗಳಿರುವ ಹಳೆಯ ಕಲ್ಲು. ಕಳಸದಾಚೆ ಕುದುರೆಮುಖದ ಕಡೆ ಮತ್ತೆ ಕಬ್ಬಿಣದ ಪದರಗಳು ಬರುತ್ತವೆ. ಕುದುರೆಮುಖದಲ್ಲಿ ಅದಿರು ತೆಗೆಯಲು 1976ರಲ್ಲಿ ಕಂಪನಿ ಶುರುವಾದದ್ದು, ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತದ್ದು ಈ ಕಲ್ಲಿನ ಕಾರಣಕ್ಕೇ. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹೋಗುತ್ತಿತ್ತು. ಊರಿನ ಹೆಸರೇ ಮಣ್ಣಿನ ಬಣ್ಣ ಹೇಳುತ್ತದೆ.

ಹಾಗಾದರೆ ಆ ಕುದುರೆಲಾಳದ ಆಕಾರ?

ಬಾಬಾಬುಡನ್‌ಗಿರಿ ಸಾಲನ್ನು ಚಂದ್ರದ್ರೋಣ ಪರ್ವತ ಎನ್ನುತ್ತಾರೆ. ಮೇಲಿನಿಂದ ನೋಡಿದರೆ ಅರ್ಧಚಂದ್ರದಂತೆ, ಕುದುರೆಲಾಳದಂತೆ ಬಾಗಿದೆ. ನಡುವೆ ಜಾಗರ ಕಣಿವೆ. ಉಪಗ್ರಹ ಚಿತ್ರ ಹಾಕಿ 'ಇದೇ ಜ್ವಾಲಾಮುಖಿಯ ಬಾಯಿ' ಎಂದು ಬಾಣ ಗುರುತು ಮಾಡುವುದು ಸುಲಭ.

ನಿಜ ಸಂಗತಿ ಹೀಗಿದೆ. ನಾಲ್ಕೈದು ಕಂಬಳಿಗಳನ್ನು ಒಂದರ ಮೇಲೊಂದು ಹಾಸಿ ಎರಡು ಕಡೆಯಿಂದ ಒತ್ತಿದರೆ ನಡುವೆ ತೊಟ್ಟಿಲಿನಂತೆ ಬಾಗುತ್ತದಲ್ಲವೇ? ಈ ಕಲ್ಲಿನ ಪದರಗಳೂ ಭೂಮಿಯ ಒತ್ತಡಕ್ಕೆ ಹಾಗೆ ಬಾಗಿದವು. ಆಮೇಲೆ ಮಳೆ, ಗಾಳಿ ಸವೆಸುತ್ತ ಬಂದಾಗ ಮೆತ್ತನೆಯ ಪದರ ಬೇಗ ಕರಗಿತು. ಗಟ್ಟಿಯಾದ ಕಬ್ಬಿಣದ ಪದರ ಅಂಚಿನಲ್ಲಿ ಎದ್ದು ನಿಂತಿತು. ಸುಮಾರು 1,930 ಮೀಟರ್ ಎತ್ತರದ, ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಅಂಥ ಅಂಚಿನ ಮೇಲಿದೆ. ಗುಡ್ಡ ಗೋಪುರದಂತೆ ಕಾಣುವುದು ಸವೆತದಿಂದ, ಸ್ಫೋಟದಿಂದಲ್ಲ.

ಕಾಫಿ ರುಚಿಗೆ ಲಾವಾ ಮಣ್ಣೇ ಕಾರಣವೇ?

ಇದನ್ನು ಪರೀಕ್ಷಿಸಲು ಕರ್ನಾಟಕದೊಳಗೇ ಉತ್ತರವಿದೆ. ನಮ್ಮ ರಾಜ್ಯದಲ್ಲಿ ನಿಜವಾದ ದೊಡ್ಡ ಲಾವಾ ನಾಡು ಇರುವುದು ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಕಡೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್‌ನಲ್ಲಿ ಹರಿದ ಲಾವಾ ಸವೆದು ಅಲ್ಲಿನ ಎರೆಮಣ್ಣು ಆಗಿದೆ. ಅಲ್ಲಿ ಜೋಳ, ತೊಗರಿ, ಕಡಲೆ ಬೆಳೆಯುತ್ತಾರೆ. ಕಾಫಿ ಬೆಳೆಯುವುದಿಲ್ಲ. ಲಾವಾ ಮಣ್ಣೊಂದೇ ಸಾಕಾಗಿದ್ದರೆ ವಿಜಯಪುರದಲ್ಲೂ ಕಾಫಿ ತೋಟ ಇರಬೇಕಿತ್ತು.

ಕಾಫಿಗೆ ಬೇಕಾದದ್ದು ಎತ್ತರ, ತಂಪು, ಒಳ್ಳೆಯ ಮಳೆ, ನೀರು ನಿಲ್ಲದ ಇಳಿಜಾರು ಮತ್ತು ನೆರಳು. ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಗಿರಿಯಲ್ಲಿ ನೆಟ್ಟರು ಎಂಬುದು 17ನೇ ಶತಮಾನದ ಐತಿಹ್ಯ. ಆ ಗಿಡ ಇಲ್ಲಿ ಹಿಡಿದದ್ದು ಈ ಹವೆಯಿಂದಾಗಿ. ಜೋರು ಮಳೆಗೆ ಕಲ್ಲು ಆಳದವರೆಗೆ ಕೊಳೆತು ಕೆಂಪು ಮಣ್ಣಾಗಿದೆ. ಕೆಂಪು ಬಣ್ಣ ಕಬ್ಬಿಣದ ತುಕ್ಕಿನದು. ಮಣ್ಣಿನ ಫಲವತ್ತತೆಯ ದೊಡ್ಡ ಪಾಲು ನೆರಳು ಮರಗಳಿಂದ ಉದುರುವ ದರಗಿನದು. ಇಥಿಯೋಪಿಯಾ, ಕೊಲಂಬಿಯಾ, ಕೋಸ್ಟರಿಕಾಗಳಲ್ಲಿ ಜ್ವಾಲಾಮುಖಿ ಮಣ್ಣಿನಲ್ಲಿ ಕಾಫಿ ಬೆಳೆಯುವುದು ನಿಜ. ಅಲ್ಲಿನ ಮಾತನ್ನು ಇಲ್ಲಿಗೆ ಎತ್ತಿ ತಂದಂತೆ ಕಾಣುತ್ತದೆ.

ಈ ಮಣ್ಣಿನ ಸ್ವಭಾವ ಸೈಕಲ್ ಸವಾರರಿಗೂ ಮುಖ್ಯ. ಒಣಗಿದಾಗ ಗಟ್ಟಿ, ಮೇಲೆ ಉರುಟು ಜಲ್ಲಿ. ನೆನೆದಾಗ ಸೋಪು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಥ ದಾರಿಯಲ್ಲಿ ಟೈರು ಬಿಟ್ಟ ಗೆರೆಯೇ ಮಳೆನೀರಿಗೆ ಕಾಲುವೆಯಾಗಿ, ದಾರಿ ಕೊಚ್ಚಿ ಹೋಗುತ್ತದೆ. ಆಳದವರೆಗೆ ಕೊಳೆತ ಮಣ್ಣು ನೀರು ಕುಡಿದು ಜರಿಯುವುದೂ ಹೀಗೆಯೇ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲೂಕಿನಲ್ಲೂ ಚಾರ್ಮಾಡಿ ಘಾಟಿಯಲ್ಲೂ ಆದ ಭೂಕುಸಿತಗಳನ್ನು ಇಲ್ಲಿಯವರು ಮರೆತಿಲ್ಲ.

ವಾಹನವಿಲ್ಲದ ರಸ್ತೆ ಯಾರದು?

ಈಗ ಮುಖ್ಯ ವಿಷಯಕ್ಕೆ ಬರೋಣ. ಮೊಬೈಲ್ ನಕ್ಷೆಯಲ್ಲಿ ಈ ಗುಡ್ಡಗಳ ತುಂಬ ಸಣ್ಣ ಗೆರೆಗಳು ಕಾಣುತ್ತವೆ. ನಕ್ಷೆಗೆ ಎಲ್ಲವೂ ದಾರಿಯೇ. ನೆಲದ ಮೇಲೆ ಅವು ಮೂರು ಬಗೆ.

1. ಊರಿನ ರಸ್ತೆಗಳು. ಪಂಚಾಯಿತಿ, ಲೋಕೋಪಯೋಗಿ ಇಲಾಖೆಯವು. ಇವು ಎಲ್ಲರವು. ಡಾಂಬರು, ಕಾಂಕ್ರೀಟ್, ನಡುವೆ ಕಿತ್ತುಹೋದ ಜಲ್ಲಿ, ಎಲ್ಲ ಇರುತ್ತದೆ. ವಾಹನ ಇಲ್ಲವೇ ಇಲ್ಲ ಎಂದಿಲ್ಲ, ಕಡಿಮೆ ಅಷ್ಟೆ.

2. ತೋಟದ ರಸ್ತೆಗಳು. ಗೇಟು ತೆರೆದೇ ಇದ್ದರೂ ಇವು ಖಾಸಗಿ. ಇವು ಕೆಲಸದ ದಾರಿಗಳು. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್. ಸೈಕಲ್ಲಿಗೆ ಹೇಳಿಮಾಡಿಸಿದ ಅದೇ ತಿಂಗಳುಗಳಲ್ಲಿ ಈ ದಾರಿಗಳ ತುಂಬ ಟ್ರ್ಯಾಕ್ಟರ್, ಪಿಕಪ್, ತಲೆಮೇಲೆ ಚೀಲ ಹೊತ್ತ ಕಾರ್ಮಿಕರು. ತಿರುವಿನಲ್ಲಿ ಸದ್ದಿಲ್ಲದೆ ಇಳಿದುಬರುವ ಸೈಕಲ್ಲು ಅವರಿಗೆ ಅಪಾಯ.

3. ಕಾಡಿನ ದಾರಿಗಳು. ಮರ ಸಾಗಿಸಲು ಮಾಡಿದ ಹಳೆಯ ಕೂಪು ರಸ್ತೆ, ಬೆಂಕಿ ರೇಖೆ, ಗಸ್ತಿನ ಜೀಪು ದಾರಿ. ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಕುದುರೆಮುಖ ರಾಷ್ಟ್ರೀಯ ಉದ್ಯಾನ ಮತ್ತು ಮೀಸಲು ಅರಣ್ಯಗಳಲ್ಲಿ ಇವು ಹರಡಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ವಿನಾಯಿತಿ ಇದೆ. ಸೈಕಲ್ಲು ಹೊಗೆ ಉಗುಳುವುದಿಲ್ಲ ಎಂಬುದಕ್ಕೆ ರಿಯಾಯಿತಿ ಇಲ್ಲ.

ಭದ್ರಾದ ವಿಷಯದಲ್ಲಿ ಇನ್ನೊಂದು ಮಾತು. 2001-02ರ ಸುಮಾರಿಗೆ ಅಭಯಾರಣ್ಯದೊಳಗಿನ ಊರುಗಳಿಂದ 400ಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದು ಬೇರೆಡೆ ನೆಲೆಸಿದವು. ಕಾಡಿಗಾಗಿ ಜನ ತಮ್ಮ ಮನೆ, ಗದ್ದೆ ಬಿಟ್ಟುಬಂದ ದಾರಿಗಳವು. 'ಯಾರೂ ಓಡಾಡದ ದಾರಿ' ಎಂದು ನಾವು ಅಲ್ಲಿ ಸೈಕಲ್ ಹೊಡೆಯಲು ಹೊರಟರೆ ಅವರು ಬಿಟ್ಟುಕೊಟ್ಟದ್ದಕ್ಕೆ ಅರ್ಥವೇ ಇರುವುದಿಲ್ಲ.

ಸದ್ದಿಲ್ಲದ ಸೈಕಲ್ಲು, ಸದ್ದಿಲ್ಲದ ಆನೆ

ನಾವೂ ಒಮ್ಮೆ ಈ ತಪ್ಪು ಮಾಡಿದ್ದೇವೆ. ಆಲ್ದೂರಿನ ಕಡೆ ನಕ್ಷೆಯ ಗೆರೆ ನಂಬಿ, ಬೆಳಗಿನ ಆರಕ್ಕೇ ಒಂದು ತೋಟದ ದಾರಿಗೆ ತಿರುಗಿದೆವು. ಗೇಟಿನ ಬಳಿ ರೈಟರು ಕೈ ಅಡ್ಡ ಹಿಡಿದರು. "ಎಲ್ಲಿಗೆ ಹೊರಟ್ರಿ? ಈಗಷ್ಟೇ ಕೆಳಗಿನ ಹಳ್ಳದ ಹತ್ರ ಆನೆ ದಾಟಿದೆ. ಆಳುಗಳನ್ನೇ ಇನ್ನೂ ಬಿಟ್ಟಿಲ್ಲ ನಾವು." ಸ್ವಲ್ಪ ಹೊತ್ತಿಗೆ ಅವರು ತೋರಿಸಿದ ಕಡೆ ಬೈನೆ ಮರವೊಂದು ಸೀಳಿ ಬಿದ್ದಿತ್ತು. ಲದ್ದಿಯಿಂದ ಇನ್ನೂ ಹಬೆ ಏಳುತ್ತಿತ್ತು. ಆ ದಿನ ನಮಗೆ ಒಂದು ವಿಷಯ ತಿಳಿಯಿತು: ವಾಹನಗಳ ಸಂಚಾರ ಇಲ್ಲದ ಹೊತ್ತೇ ಆನೆಗಳ ಸಂಚಾರದ ಹೊತ್ತು.

ಹಗಲು ತೋಟದ ನೆರಳಿನಲ್ಲೋ ಪಕ್ಕದ ಕಾಡಿನಲ್ಲೋ ನಿಲ್ಲುವ ಆನೆಗಳು ಸಂಜೆಯಿಂದ ಬೆಳಗಿನವರೆಗೆ ಹೆಚ್ಚು ಓಡಾಡುತ್ತವೆ. ಸೈಕಲ್ ಸವಾರರು 'ಟ್ರಾಫಿಕ್ ಇರಲ್ಲ' ಎಂದು ಆರಿಸಿಕೊಳ್ಳುವುದೂ ನಸುಕನ್ನೇ. ಜೀಪಿನ ಸದ್ದು ದೂರದಿಂದಲೇ ಆನೆಗೆ ಸುಳಿವು ಕೊಡುತ್ತದೆ. ಸೈಕಲ್ಲು ಕೊಡುವುದಿಲ್ಲ. ಕಾಫಿ ಗಿಡಗಳ ನಡುವೆ ಹತ್ತು ಮೀಟರ್ ಆಚೆ ನಿಂತ ಆನೆ ನಮಗೂ ಕಾಣುವುದಿಲ್ಲ. ಇಬ್ಬರಿಗೂ ಒಮ್ಮೆಲೇ ಗೊತ್ತಾದಾಗ ಆನೆ ಗಾಬರಿಯಲ್ಲಿ ಮೇಲೆ ಬರುತ್ತದೆ. ಓಡುವ ಆನೆಯ ವೇಗ ಗಂಟೆಗೆ 25 ಕಿಲೋಮೀಟರ್ ಹತ್ತಿರ. ಇಲ್ಲಿನ ಏರಿನಲ್ಲಿ ಸೈಕಲ್ ಹೋಗುವುದು ಏಳೆಂಟು ಕಿಲೋಮೀಟರ್ ವೇಗದಲ್ಲಿ.

ಇದು ಹೆದರಿಸಲು ಹೇಳುವ ಮಾತಲ್ಲ. 2022ರ ನವೆಂಬರ್‌ನಲ್ಲಿ ಮೂಡಿಗೆರೆ ತಾಲೂಕಿನ ಕುಂದೂರು ಭಾಗದಲ್ಲಿ ಕಾಡಾನೆ ದಾಳಿಗೆ ಮಹಿಳೆಯೊಬ್ಬರು ಬಲಿಯಾದರು. ಊರವರ ಸಿಟ್ಟು ರಸ್ತೆಗಿಳಿಯಿತು. ಅದೇ ವರ್ಷ ಸರ್ಕಾರ ಚಿಕ್ಕಮಗಳೂರೂ ಸೇರಿ ಕೆಲವು ಜಿಲ್ಲೆಗಳಿಗೆ ಆನೆ ಕಾರ್ಯಪಡೆ ರಚಿಸಿತು. ದಿನಾ ಈ ದಾರಿಯಲ್ಲೇ ಕೆಲಸಕ್ಕೆ, ಶಾಲೆಗೆ ಹೋಗುವವರಿಗೆ ಬೇರೆ ದಾರಿಯಿಲ್ಲ. ನಮಗೆ ಇದೆ.

ಆನೆ ಕಂಡರೆ: ದೂರದಲ್ಲೇ ನಿಲ್ಲಿ. ಸದ್ದು ಮಾಡದೆ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಫೋಟೊಗೆ ನಿಲ್ಲಬೇಡಿ. ಮರಿ ಕಂಡರೆ ತಾಯಿ ಹತ್ತಿರದಲ್ಲೇ ಇದೆ ಎಂದರ್ಥ. ಹಸಿ ಲದ್ದಿ, ಮುರಿದ ಬೈನೆ, ನಾಯಿಗಳ ವಿಪರೀತ ಬೊಗಳು, ಇವು ಮುನ್ಸೂಚನೆಗಳು.

ಉಣುಗು ಮತ್ತು ಇಂಬಳ

ಮಳೆಗಾಲದಲ್ಲಿ ಕಾಲಿಗೆ ಹತ್ತುವ ಇಂಬಳಕ್ಕೆ ಎಲ್ಲರೂ ಹೆದರುತ್ತಾರೆ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಗಾಯ ಸ್ವಲ್ಪ ಹೊತ್ತು ಸೋರುತ್ತದೆ. ತೊಳೆದು ಒತ್ತಿ ಹಿಡಿದರೆ ನಿಲ್ಲುತ್ತದೆ. ಹೆಚ್ಚು ಎಚ್ಚರ ಬೇಕಾದದ್ದು ಒಣ ತಿಂಗಳುಗಳ ಉಣುಗಿಗೆ.

ಮಂಗನ ಕಾಯಿಲೆಯ ವೈರಾಣು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಚಿಕ್ಕಮಗಳೂರು ಜಿಲ್ಲೆಯಲ್ಲೂ, ವಿಶೇಷವಾಗಿ ಕೊಪ್ಪ, ನರಸಿಂಹರಾಜಪುರದ ಕಡೆ, ಕಾಣಿಸಿಕೊಂಡಿದೆ. ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ದರಗಿನ ಮೇಲೆ ಇರುವ ಸಾಸಿವೆ ಗಾತ್ರದ ಉಣುಗು ಕಚ್ಚಿದರೆ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಹಾಗಾಗಿ ದಣಿವಾದರೆ ದರಗಿನ ಮೇಲೆ ಕೂರಬೇಡಿ. ಉದ್ದನೆಯ ಕಾಲುಚೀಲ ಹಾಕಿ. ಆರೋಗ್ಯ ಇಲಾಖೆ ಕಾಯಿಲೆಯಿರುವ ಊರುಗಳಲ್ಲಿ ಹಂಚುವ ಡೆಪಾ ಎಣ್ಣೆಯಂಥ ಉಣುಗು ನಿರೋಧಕ ಹಚ್ಚಿ. ಮನೆಗೆ ಬಂದು ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡ ಕಡೆ ಹೋಗಬೇಡಿ, ಪಂಚಾಯಿತಿಗೋ ಆರೋಗ್ಯ ಕಾರ್ಯಕರ್ತರಿಗೋ ತಿಳಿಸಿ. ಒಂದು ವಾರದ ಆಚೀಚೆ ಏಕಾಏಕಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ 'ಮಲೆನಾಡಿನ ಕಾಡಿಗೆ ಹೋಗಿದ್ದೆ' ಎಂದು ಮರೆಯದೆ ಹೇಳಿ. ಬೆಂಗಳೂರಿನ ವೈದ್ಯರಿಗೆ ಅದು ತಾನಾಗಿ ಹೊಳೆಯದಿರಬಹುದು.

ಹಾಗಾದರೆ ಸೈಕಲ್ ಹೊಡೆಯುವುದೇ ಬೇಡವೇ?

ಧಾರಾಳವಾಗಿ ಹೊಡೆಯಿರಿ. ಈ ಗುಡ್ಡಗಳನ್ನು ನೋಡಲು ಸೈಕಲ್ಲಿಗಿಂತ ಒಳ್ಳೆಯದಿಲ್ಲ. ಹೀಗೆ ಮಾಡಿ:

• ಊರಿನ ರಸ್ತೆಗಳನ್ನೇ ಆರಿಸಿ. ಆಲ್ದೂರು, ಬಾಳೆಹೊನ್ನೂರಿನ ಕಡೆಯವು, ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವುದು, ಕಳಸದಿಂದ ಹೊರನಾಡಿನ ಏಳೆಂಟು ಕಿಲೋಮೀಟರ್, ಎಲ್ಲವೂ ತೋಟಗಳ ನಡುವೆಯೇ ಹೋಗುತ್ತವೆ. ವಾರಾಂತ್ಯ ಬಿಟ್ಟು ವಾರದ ದಿನ ಹೋದರೆ ವಾಹನ ಎಷ್ಟೋ ಕಡಿಮೆ. ಮುಳ್ಳಯ್ಯನಗಿರಿ ರಸ್ತೆಯನ್ನು ರಜಾದಿನ ಬಿಟ್ಟುಬಿಡಿ.

• ಬೆಳಕು ಹರಿದ ಮೇಲೆ, ಊರವರು ಓಡಾಡತೊಡಗಿದ ಮೇಲೆ ಹೊರಡಿ. ಸಂಜೆ ಐದರೊಳಗೆ ಉಳಿಯುವ ಜಾಗ ಸೇರಿ.

• ಮಣ್ಣು ರಸ್ತೆಯೇ ಬೇಕೆಂದರೆ ತೋಟದವರನ್ನು ಕೇಳಿ. ತಮ್ಮದೇ ತೋಟವಿರುವ ಹೋಂಸ್ಟೇಗಳಲ್ಲಿ ಉಳಿದರೆ ಒಳದಾರಿ ತೋರಿಸುವವರೂ ಸಿಗುತ್ತಾರೆ.

• ನಿಂತ ಜಾಗದ ಸರ್ವೆ ನಂಬರು ತಿಳಿಯಲು ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಇದೆ. ಕಾಡಿನ ದಾರಿಯಾದರೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ. ಇಲ್ಲ ಎಂದರೆ ಇಲ್ಲ.

• ಗುಡ್ಡದ ಮೇಲಿನ ಹುಲ್ಲುಗಾವಲಿಗೆ ಚಕ್ರ ಇಳಿಸಬೇಡಿ. ಆ ತೆಳುಮಣ್ಣು ಒಮ್ಮೆ ಕಿತ್ತರೆ ಮತ್ತೆ ಹುಲ್ಲು ಹಿಡಿಯಲು ವರ್ಷಗಳು ಬೇಕು.

• ಕಣಿವೆಗಳಲ್ಲಿ ನೆಟ್‌ವರ್ಕ್ ಇರುವುದಿಲ್ಲ. ನಕ್ಷೆ ಮೊದಲೇ ಇಳಿಸಿಕೊಳ್ಳಿ, ಎಲ್ಲಿಗೆ ಹೋಗುತ್ತೀರಿ ಎಂದು ಒಬ್ಬರಿಗೆ ಹೇಳಿ ಹೊರಡಿ. ತುರ್ತಿಗೆ 112, ಅರಣ್ಯ ಇಲಾಖೆಯ ಸಹಾಯವಾಣಿ 1926.

ಫಾರ್ವರ್ಡ್ ಮಾಡುವ ಮೊದಲು

ಮೂಡಿಗೆರೆ, ಆಲ್ದೂರು ಕಡೆಯ ಜನರ ಮೊಬೈಲಿನಲ್ಲೂ ದಿನಾ ಬೆಳಿಗ್ಗೆ ಫಾರ್ವರ್ಡ್‌ಗಳು ಬರುತ್ತವೆ. ಯಾವ ತೋಟದ ಹತ್ತಿರ ಆನೆ ಇದೆ, ಯಾವ ದಾರಿಯಲ್ಲಿ ಹೋಗಬೇಡಿ ಎಂಬ ಸಂದೇಶಗಳು. ಅದನ್ನು ನೋಡಿಕೊಂಡೇ ತೋಟದವರು ಆಳುಗಳನ್ನು ಕೆಲಸಕ್ಕೆ ಕಳಿಸುತ್ತಾರೆ, ತಂದೆತಾಯಿ ಮಕ್ಕಳನ್ನು ಶಾಲೆಗೆ ಬಿಡುತ್ತಾರೆ.

ಅಲ್ಲಿಗೆ ಹೋದಾಗ ಉಳಿದ ಮನೆಯವರನ್ನು ಕೇಳಿ ಆ ಸಂದೇಶ ನೋಡಿ. 'ಜ್ವಾಲಾಮುಖಿ ನಾಡಿನ ಖಾಲಿ ದಾರಿ' ಎಂಬ ಫೋಟೊ ನಿಮಗೆ ಬಂದರೆ, ಮುಂದೆ ಕಳಿಸುವ ಮುನ್ನ ಕಳಿಸಿದವರನ್ನು ಒಂದು ಮಾತು ಕೇಳಿ: ಆ ದಾರಿ ಯಾರದು?